ಬಂಟ್ಯಾನಿಗೆ ನಿಂದ್ರಾಕ ಕಲಿಸಿದ್ದು

ಭೀಮಾ ಹೊಳೆಗೆ ಬೆನ್ನು ಮಾಡಿ ಕೂತಿದ್ದ ನಮ್ಮ ಮನೆಗೆ ಮೂರೇ ಕೋಣೆ. ಮುಂದೆ ಪಡಸಾಲೆ, ನಡುವೆ ದೇವರ ಜಗುಲಿ ಇದ್ದ ಕತ್ತಲ ಕೋಣೆ, ಹಿಂದೆ ಅಡುಗೆಮನೆ. ಈ ಮೂರು ಕೋಣೆಗಳಲ್ಲಿ ಯಾರು ಎಲ್ಲಿ ಕೂಡಬೇಕು ಎಂಬುದನ್ನು ನಿರ್ಧರಿಸುವವಳು ಆಯಿ, ಅಂದರೆ ಅಪ್ಪನ ತಾಯಿ. ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂಡುತ್ತಿದ್ದ. ಅವ್ವನ ಜಾಗ ಒಲೆಯ ಮುಂದೆ. ಅಪ್ಪನ ತಂಗಿ ಕಾಶವ್ವತ್ತಿಗೆ ಮಾತ್ರ ಇಂಥದೇ ಎಂಬ ಜಾಗ ಇರಲಿಲ್ಲ. ಅವಳನ್ನು ಜೇವರ್ಗಿ ಕಡೆಯ ಇಜೇರಿಗೆ ಕೊಟ್ಟಿದ್ದರು. ಎರಡು ವರ್ಷದೊಳಗೆ ಗಂಡ ತೀರಿಕೊಂಡು, ಉಟ್ಟ ಸೀರೆಯ ಮೇಲೆ ತವರಿಗೆ ಬಂದಿದ್ದಳು. ಬೀಸುವಾಗ ಬೀಸುಕಲ್ಲಿನ ಹತ್ತಿರ, ಹಿಂಡುವಾಗ ಕೊಟ್ಟಿಗೆಯಲ್ಲಿ, ಉಣ್ಣುವಾಗ ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯ ಬಾಗಿಲ ಮೂಲೆಯಲ್ಲಿ ಇರುತ್ತಿದ್ದಳು. ನಾನು ನನ್ನ ತಟ್ಟೆ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. ಎರಡನೇ ಸಲ ಉಣ್ಣುವ ನೆವದಲ್ಲಿ ಅವಳ ರೊಟ್ಟಿಯ ಅಂಚು ಮುರಿದು, ಶೇಂಗಾ ಹಿಂಡಿಯಲ್ಲಿ ಅದ್ದಿ ತಿನ್ನುವುದು ನನಗೆ ಆಗ ಎಲ್ಲಕ್ಕಿಂತ ದೊಡ್ಡ ಹಬ್ಬ. ನಮ್ಮ ಊಟ ಮುಗಿಯುವುದನ್ನು ಹೊಸ್ತಿಲ ಆಚೆ ಕಾಯುತ್ತ ಕೂಡುತ್ತಿದ್ದವನು ಬಂಟ್ಯಾ.

ಬಂಟ್ಯಾ ಕೆಂಚು ಬಣ್ಣದ ಊರನಾಯಿ. ಮರಿ ಇದ್ದಾಗ ಅತ್ತಿ ಅದನ್ನು ಹೊಳೆದಂಡೆಯ ಜಾಲಿ ಕಂಟಿಯಿಂದ ಎತ್ತಿ ತಂದಿದ್ದಳು. ಒಂದು ಗಳಿಗೆ ನಿಂತಲ್ಲಿ ನಿಲ್ಲದ ಪ್ರಾಣಿ ಅದು. ಕೋಳಿ ಕಂಡರೆ ಓಡು, ಬಂಡಿ ಕಂಡರೆ ಓಡು, ಗಾಳಿಗೆ ಸೆರಗು ಹಾರಿದರೂ ಓಡು. ಒಮ್ಮೆ ಆಯಿ ಲಿಂಗಪೂಜೆಗೆ ಕೂತಾಗ ಒಳಗೆ ನುಗ್ಗಿ, ನೈವೇದ್ಯಕ್ಕಿಟ್ಟ ಮಾದಲಿಯ ಬಟ್ಟಲಿಗೇ ಬಾಯಿ ಹಾಕಿತು. ಆ ದಿನ ಆಯಿ ಅತ್ತಿಯ ಜೊತೆ ಮಾತಾಡಲಿಲ್ಲ. ಅತ್ತಿ ಜಗುಲಿಯನ್ನೆಲ್ಲ ಮತ್ತೆ ಸಾರಿಸಿ, ಬಟ್ಟಲು ತಿಕ್ಕಿ ತೊಳೆದು, ಕೊಟ್ಟಿಗೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಗುವುದನ್ನು ಮನೆಯಲ್ಲಿ ನಾನೊಬ್ಬಳೇ ನೋಡುತ್ತಿದ್ದೆ.

ಆ ವರ್ಷ ಹೊಳೆಯ ಆಚೆ ದಂಡೆಗೆ ಸ್ವಾತಂತ್ರ್ಯ ಬಂದಿತ್ತು, ಈಚೆ ದಂಡೆಗೆ ಬಂದಿರಲಿಲ್ಲ. ನಮ್ಮದು ಇನ್ನೂ ನಿಜಾಮರ ರಾಜ್ಯ. ಬಂದೂಕು ಹಿಡಿದವರ ಗುಂಪು ಊರೂರು ತಿರುಗುತ್ತದೆ, ಅಫಜಲಪುರದ ಕಡೆ ಇಂಥ ಊರಲ್ಲಿ ಕಣ ಸುಟ್ಟರು, ಆಳಂದದ ಕಡೆ ಇಂಥವರನ್ನು ಹಿಡಿದೊಯ್ದರು ಎಂಬ ಸುದ್ದಿ ದಿನಾ ಬರುತ್ತಿತ್ತು. ಅಪ್ಪನ ಹೆಸರನ್ನೂ ಯಾರೋ ಬರೆದುಕೊಂಡಿದ್ದಾರೆ ಎಂದು ಗೊತ್ತಾದ ದಿನವೇ ಅವನು ಹೊಳೆ ದಾಟಿ ಆಚೆ ಊರಿನ ಪರಿಚಯದವರ ಮನೆ ಸೇರಿದ. ಮುಂಗಾರಿನ ಮಿರ್ಗದ ಮಳೆ ಬಿದ್ದ ಮೇಲೆ, ಮನೆಮಂದಿಯನ್ನೆಲ್ಲ ಕಳಿಸಿರಿ, ಇಲ್ಲಿ ಒಂದು ಕೋಣೆ ಸಿಕ್ಕಿದೆ ಎಂದು ಹೇಳಿ ಕಳಿಸಿದ. ಅವ್ವನಿಗೆ ಆಗ ಏಳು ತಿಂಗಳು.

ದಾಟಿಸುವವನು ಅಂಬಿಗರ ಹಣಮಂತ. ಬಿದಿರಿನ ಬುಟ್ಟಿಗೆ ತೊಗಲು ಹೊಚ್ಚಿದ ದುಂಡನೆಯ ಹರಗೋಲು ಅವನದು. ಏನೇನು ಒಯ್ಯಬೇಕು ಎಂದು ಕೇಳಲು ಬಂದವನು ಅಂಗಳದಲ್ಲಿ ಕುಣಿಯುತ್ತಿದ್ದ ಬಂಟ್ಯಾನನ್ನು ಕಂಡು ಕೈ ಅಡ್ಡ ಮಾಡಿದ.

"ಇದು ಮಾತ್ರ ಆಗಂಗಿಲ್ರಿ. ಹರಗೋಲು ಅಂದ್ರ ಬುಟ್ಟಿ. ನಡು ಹೊಳ್ಯಾಗ ನಾಯಿ ಒಂದು ಸರ್ತಿ ಜಿಗೀತಂದ್ರ ಎಲ್ಲಾರೂ ನೀರಿಗೇ."

ನಾನು ಅಳಲು ಸುರು ಮಾಡಿದೆ. ಆಯಿ "ಪೀಡಾ ಹೋತು" ಎಂದಳು. ಅತ್ತಿ ಮಾತ್ರ ಹಣಮಂತನ ಹಿಂದೆಯೇ ಬಾಗಿಲತನಕ ಹೋದಳು.

"ಅಣ್ಣಾ, ಅದು ನಿಂತಲ್ಲೇ ನಿಂದ್ರೂದು ಕಲಿತ್ರ?"

"ಕಲಿತ್ರ ಒಯ್ತೇನ್ರಿ, ನನಗೇನು. ಆದ್ರ ಇದು ಕಲಿಯೂದಲ್ಲ ಬಿಡ್ರಿ."

"ಎಷ್ಟು ದಿನ ಅದ?"

"ಹದಿನೈದು ದಿನ. ಅದಕ್ಕ ಮ್ಯಾಲ ಹೊಳಿ ನನ್ನ ಮಾತು ಕೇಳಂಗಿಲ್ಲ."

ಮರುದಿನದಿಂದ ಪಾಠ ಸುರುವಾಯಿತು. ಅತ್ತಿ ಅಂಗಳದಲ್ಲಿ ಬೂದಿಯಿಂದ ಒಂದು ದುಂಡು ಗೆರೆ ಎಳೆದಳು. ಬಂಟ್ಯಾನನ್ನು ಅದರೊಳಗೆ ನಿಲ್ಲಿಸಿ, ಕೂಡದಂತೆ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ಇನ್ನೊಂದು ಕೈಯಲ್ಲಿ ರೊಟ್ಟಿಯ ಚೂರು ಮೂಗಿನ ಮುಂದೆ ಹಿಡಿದು "ನಿಂದ್ರ" ಎಂದಳು. ಅದು ಒಂದು ಉಸಿರಿನಷ್ಟು ಹೊತ್ತು ನಿಂತಿತು. ಚೂರು ಕೊಟ್ಟಳು. ಮುಂದಿನ ಸಲ ಎರಡು ಉಸಿರು. ಮೂರನೆಯ ಸಲ ಅದು ಚೂರನ್ನೂ ಅವಳ ಬೆರಳನ್ನೂ ಸೇರಿಸಿ ಕಚ್ಚಿತು. ನಾನು ಕೋಲು ಹುಡುಕಿದೆ.

"ಬ್ಯಾಡ ನೀಲಾ. ಬಡಿಬ್ಯಾಡ, ಬೈಬ್ಯಾಡ. ಹೆದರಿ ನಿಂತದ್ದು ನೀರಾಗ ನಿಂದ್ರಂಗಿಲ್ಲ. ಕಾಲು ಕಿತ್ತತಿ? ಸುಮ್ಮ ತಂದು ಅದ ಜಾಗಕ್ಕ ನಿಂದ್ರಸು. ನೂರು ಸಲ ಕಿತ್ತರ ನೂರು ಸಲ ತಂದು ನಿಂದ್ರಸು. ಅದಕ್ಕ ಬ್ಯಾಸರ ಆಗಬೇಕು, ನಮಗಲ್ಲ."

ನೂರು ಸಲ ಎಂದದ್ದು ಬರೀ ಮಾತಲ್ಲ. ಬೆಳಿಗ್ಗೆ ದನ ಹಿಂಡಿದ ಮೇಲೆ, ಮಧ್ಯಾಹ್ನ ಬೀಸಿದ ಮೇಲೆ, ಸಂಜೆ ದೀಪ ಹಚ್ಚುವ ಮುಂಚೆ ನಾವಿಬ್ಬರೂ ಅದೇ ಕೆಲಸ. ನಾಲ್ಕು ದಿನಕ್ಕೆ ಬಂಟ್ಯಾ ಗೆರೆಯೊಳಗೆ ನಿಲ್ಲುವುದು ಕಲಿತ. ಆಮೇಲೆ ಹಗ್ಗ ಹೆಣೆದ ಮಂಚ, ಅಂದರೆ ಹೊರಸಿನ ಮೇಲೆ ಹತ್ತಿಸಿದೆವು. ಅತ್ತಿ ಒಂದು ಕಡೆ, ನಾನೊಂದು ಕಡೆ ಹಿಡಿದು ಹೊರಸನ್ನು ಅಲುಗಾಡಿಸುವುದು. ಕಾಲು ನಡುಗಿದರೂ ಪಂಜ ಎತ್ತಬಾರದು. ಮೊದಮೊದಲು ಅದು ನಮ್ಮ ಮೇಲೆಯೇ ಹಾರಿ ಮೂವರೂ ಮಣ್ಣಲ್ಲಿ ಬೀಳುತ್ತಿದ್ದೆವು. ಆಮೇಲೆ ನಾಲ್ಕೂ ಕಾಲು ಅಗಲಿಸಿ, ಬೆನ್ನು ತಗ್ಗಿಸಿ, ತೂಗಿದ ಕಡೆಗೆ ಮೈ ಬಾಗಿಸುವುದನ್ನು ತಾನೇ ಕಂಡುಕೊಂಡಿತು. ಅತ್ತಿ ತಾಟು ಬಡಿದು ಸಪ್ಪಳ ಮಾಡಿದಳು. ನಾನು ಕೋಳಿ ಬಿಟ್ಟೆ. ಕೋಳಿ ಹೊರಸಿನ ಕೆಳಗೇ ಹಾದುಹೋದಾಗ ಬಂಟ್ಯಾನ ಗಂಟಲಿನಿಂದ ಕುಂಯ್ ಎಂಬ ಸದ್ದು ಬಂತು, ಕಾಲು ಮಾತ್ರ ಕದಲಲಿಲ್ಲ. "ಬಾ" ಎಂದಾಗ ಜಿಗಿದು ಅತ್ತಿಯ ಎದೆಯ ಮೇಲೇ ಬಿತ್ತು. ಆಯಿ ಪಡಸಾಲೆಯಿಂದ ಇದನ್ನೆಲ್ಲ ನೋಡುತ್ತ ಹತ್ತಿ ಹಿಂಜುತ್ತಿದ್ದಳು.

"ಮನಿಮಂದಿಗೇ ನಿಂದ್ರಾಕ ಜಾಗ ಇಲ್ಲದಂಗ ಆಗ್ಯಾದ. ಇಕಿ ನಾಯಿಗಿ ನಿಂದ್ರಾಕ ಕಲಸಾಕತ್ತಾಳ."

ಎದುರು ಮನೆಯ ಹಸೀನಾ ಖಾಲಾ ಗೋಡೆಯ ಮೇಲಿಂದ ಇಣುಕಿ, "ಕಲೀತದ ಆಯೀ, ಕಾಶವ್ವನ ಕೈಯಾಗ ಕಲ್ಲೂ ಕಲೀತದ" ಎನ್ನುತ್ತಿದ್ದಳು. ಊರು ಏನೇ ಆಗಲಿ, ಆ ಮನೆಗೂ ನಮ್ಮ ಮನೆಗೂ ಮಜ್ಜಿಗೆ ಹೋಗುವುದು, ಅಲ್ಲಿಂದ ಕೊತ್ತಂಬರಿ ಬರುವುದು ನಿಂತಿರಲಿಲ್ಲ. ಹನ್ನೆರಡನೆಯ ದಿನ ಹಣಮಂತ ಬಂದು, ಹೊರಸನ್ನು ಹುಚ್ಚನಂತೆ ಅಲುಗಾಡಿಸಿ, ನಾಯಿಯ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿ ನೋಡಿದ. ಕಡೆಗೆ ನಕ್ಕುಬಿಟ್ಟ.

"ಹೌದ್ರಿ ಅಕ್ಕಾರ, ನನಗಿಂತ ಛಲೋ ನಿಂದ್ರತದ. ಒಯ್ತೇನಿ."

ಅತ್ತಿ ಆ ದಿನ ನನಗೆ, ಬಂಟ್ಯಾನಿಗೆ ಒಂದೊಂದು ಬೆಲ್ಲದ ಚೂರು ಕೊಟ್ಟಳು. ನನ್ನ ಬದುಕಿನಲ್ಲಿ ನಾನು ಕೈಯಾರೆ ಮಾಡಿ ಮುಗಿಸಿದ ಮೊದಲ ಕೆಲಸ ಅದು.

ಹೊರಟದ್ದು ಎರಡು ದಿನ ಬಿಟ್ಟು, ಹೊತ್ತೇರಿದ ಮೇಲೆ. ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಾಗಿತ್ತು. ಅತ್ತಿ ಬೆಳಿಗ್ಗೆಯೇ ಎದ್ದು ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿದ್ದಳು. ಗಬ್ಬದ ಆಕಳನ್ನು ಖಾಲಾನ ಕೊಟ್ಟಿಗೆಗೆ ಕಟ್ಟಿ ಬಂದಳು. ಆಯಿ ತನ್ನ ತಾಮ್ರ ಹಿತ್ತಾಳೆಯನ್ನೆಲ್ಲ ಒಂದು ಟ್ರಂಕಿನಲ್ಲಿ ತುಂಬಿಸಿದ್ದಳು, ಅದನ್ನು ಎತ್ತಲು ಇಬ್ಬರು ಬೇಕಾಯಿತು. ಮೊದಲು ಟ್ರಂಕು, ಆಮೇಲೆ ಅವ್ವ, ಆಯಿ, ನಾನು. "ನಿಂದ್ರ" ಎಂದು ಅತ್ತಿ ಬಂಟ್ಯಾನನ್ನು ನಡುವೆ ನಿಲ್ಲಿಸಿದಳು. ಕಡೆಗೆ ಅವಳು ಹತ್ತಿದಳು. ಹರಗೋಲು ಒಮ್ಮೆ ತೂಗಿ ಕೆಳಗೆ ಕೂತಿತು. ನೀರು ಅಂಚಿಗೆ ನಾಲ್ಕು ಬೆರಳು ಉಳಿಯಿತು. ಹಣಮಂತ ಹುಟ್ಟು ಹಾಕಲೇ ಇಲ್ಲ.

"ಆಗಂಗಿಲ್ರಿ. ಸೆಳವು ಭಾಳ ಅದ. ಒಂದು ಇಳೀಬೇಕು. ನಾಯಿ ಇಳಸ್ರಿ."

ನಾನು ಬಂಟ್ಯಾನ ಕುತ್ತಿಗೆಯನ್ನು ಅಪ್ಪಿ ಹಿಡಿದು ಚೀರತೊಡಗಿದೆ. ಅದು ಕಲಿತಿದೆ, ನೀನೇ ಒಯ್ತೇನಿ ಅಂದಿದ್ದಿ, ಅದನ್ನಿಳಿಸಿದರೆ ನಾನೂ ಇಳಿಯುತ್ತೇನೆ ಎಂದು ಏನೇನೋ ಕೂಗಿದೆ. ಹರಗೋಲು ನನ್ನ ಅಳುವಿಗೇ ತೂಗಾಡಿತು. ಬಂಟ್ಯಾ ಮಾತ್ರ ಕಾಲು ಅಗಲಿಸಿ, ಮೈ ಬಾಗಿಸಿ ನಿಂತೇ ಇತ್ತು. ಅವ್ವ ನನ್ನ ರಟ್ಟೆ ಹಿಡಿದು ಜಗ್ಗಿದಳು. ಆಯಿ ಟ್ರಂಕಿನ ಮೇಲೆ ಕೈಯಿಟ್ಟು ನೀರು ನೋಡುತ್ತಿದ್ದಳು. ಅತ್ತಿ ಎದ್ದು, ಸೀರೆಯ ನಿರಿಗೆ ಎತ್ತಿ ಹಿಡಿದು, ಮೊಣಕಾಲುದ್ದದ ನೀರಿಗೆ ಇಳಿದುಬಿಟ್ಟಳು.

"ಬ್ಯಾಡ ಕಾಶವ್ವಾ," ಎಂದಳು ಅವ್ವ. "ನಾಯಿ ಇರ್ಲಿ ಬಿಡು."

"ಇರ್ಲಿ ವೈನೀ, ಹುಡುಗಿ ಅಳಾಕತ್ತದ. ಒಂದು ತಾಸಿನ ಮಾತು. ಎರಡನೇ ಸರ್ತಿಗಿ ಬರ್ತೇನಿ."

ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಅದರ ಕಡಿ ನೋಡಿ ಕಲಿಯೇ, ಹೆಂಗ ನಿಂತದ" ಎಂದು ನಕ್ಕಳು. ನನ್ನ ಅಳು ನಿಂತಿತು. ನಾನು ಗೆದ್ದಿದ್ದೆ. ಹರಗೋಲು ನಡುಹೊಳೆಗೆ ಹೋದಾಗ ತಿರುಗಿ ನೋಡಿದೆ. ಅವಳು ದಂಡೆಯ ಕಲ್ಲಿನ ಮೇಲೆ ಕೂತು ಸೀರೆಯ ಅಂಚು ಹಿಂಡುತ್ತಿದ್ದಳು.

ಆಚೆ ದಂಡೆಯಲ್ಲಿ ಅಪ್ಪ ನಿಂತಿದ್ದ. ನಮ್ಮನ್ನು ಇಳಿಸಿಕೊಂಡು, "ಕಾಶಿ ಎಲ್ಲಿ?" ಎಂದ. ಹಣಮಂತ ಆಗಲೇ ಹರಗೋಲು ತಿರುಗಿಸಿದ್ದ. ಅರ್ಧ ದೂರ ಹೋಗುವುದರೊಳಗೆ ಮೇಲಿನಿಂದ ಮರದ ಬೊಡ್ಡೆಗಳು ತೇಲಿ ಬರಲು ಹತ್ತಿದವು. ನೀರು ನೋಡನೋಡುತ್ತ ಏರಿತು. ಅವನು ಹೇಗೋ ನಾವಿದ್ದ ದಂಡೆಗೇ ಮರಳಿ ಬಂದು ಬಿದ್ದ. ನಾಳೆ ಎಂದ. ನಾಳೆ ಹೊಳೆ ಇನ್ನಷ್ಟು ತುಂಬಿತು. ಆರು ದಿನ ಇಳಿಯಲಿಲ್ಲ. ಮೂರನೆಯ ದಿನ ಆಚೆ ಕಡೆ, ನಮ್ಮ ಊರಿನ ಮೇಲೆ, ಹೊಗೆ ಕಂಡಿತು. ಅಪ್ಪ ದಂಡೆಗೆ ಹೋಗಿ ನಿಂತು ಬರುತ್ತಿದ್ದ, ಮತ್ತೆ ಹೋಗುತ್ತಿದ್ದ. ಏಳನೆಯ ದಿನ ಹಣಮಂತ ಒಬ್ಬನೇ ಹೋಗಿ, ಒಬ್ಬನೇ ಬಂದ.

ಪೂರ್ತಿ ಸುದ್ದಿ ನಮಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಫೌಜು ಬಂದು ರಾಜ್ಯ ಬದಲಾಗಿ, ನಾವು ಊರಿಗೆ ಮರಳಿದಾಗ. ಮನೆಯ ಮಾಳಿಗೆಯ ಒಂದು ಬದಿ ಸುಟ್ಟಿತ್ತು. ಅಡುಗೆಮನೆಯಲ್ಲಿ ಮಾತ್ರ ಎಲ್ಲ ಇದ್ದಲ್ಲೇ ಇತ್ತು. ಒಲೆ ಸಾರಿಸಿತ್ತು, ಬೋಗುಣಿ ಬೋರಲು ಹಾಕಿತ್ತು. ಖಾಲಾ ನಮ್ಮ ಆಕಳನ್ನೂ ಅದರ ಕರುವನ್ನೂ ಹಿಡಿದುಕೊಂಡು ಬಂದಳು. ಹಗ್ಗವನ್ನು ಅವ್ವನ ಕೈಗೆ ಕೊಟ್ಟು ಅಂಗಳದಲ್ಲೇ ಕುಸಿದಳು.

"ಎರಡು ದಿನ ನಮ್ಮ ಮನ್ಯಾಗ ಇಟಗೊಂಡಿದ್ದೆ ತಂಗೀ. ಅವರು ಬಂದು ಹೊಕ್ಕಾಗ ನನ್ನ ಬುರಖಾ ಹಾಕಿ ಕೂಡಿಸಿದ್ದೆ. ಮೂರನೇ ದಿನ ಬೆಂಕಿ ಹಚ್ಚಿ ಹೋದ ಮ್ಯಾಲ, ಹೊಳಿ ಇಳದದೇನು ನೋಡಿ ಬರ್ತೇನಿ ಖಾಲಾ ಅಂದ್ಲು. ಬ್ಯಾಡ ಬೇಟಿ ಅಂದೆ. ನೀಲಾ ಅಳ್ತಿರ್ತಾಳ ಅಂತ ಹೋದ್ಲು. ನಮ್ಮವರು ಮೂರು ಊರು ಹುಡುಕಿದ್ರು."

ಊರವರು ಒಬ್ಬೊಬ್ಬರು ಒಂದೊಂದು ಹೇಳಿದರು. ಸೋರೆಬುರುಡೆ ಕಟ್ಟಿಕೊಂಡು ಹೊಳೆಗೆ ಇಳಿದವರ ಜೊತೆ ಅವಳೂ ಇಳಿದಳು ಎಂದು ಒಬ್ಬರು. ಇಲ್ಲ, ನಿಂಬರ್ಗಾ ಕಡೆ ಹೊರಟ ಮಂದಿಯಲ್ಲಿ ಅಂಥದೇ ಸೀರೆಯವಳನ್ನು ಕಂಡೆ ಎಂದು ಇನ್ನೊಬ್ಬರು. ಅಪ್ಪ ನಿಂಬರ್ಗಾಕ್ಕೆ ಹೋದ, ಇಜೇರಿಗೂ ಹೋದ. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಹೆಣ ಸಿಗಲಿಲ್ಲ. ಮಣ್ಣು ಮಾಡಲು ಏನೂ ಇರಲಿಲ್ಲ, ಆದ್ದರಿಂದ ಯಾವ ಕಾರ್ಯವನ್ನೂ ಮಾಡಲಿಲ್ಲ. ಮನೆಯಲ್ಲಿ ಅವಳ ಹೆಸರು ಹಿಡಿಯುವುದನ್ನೇ ಬಿಟ್ಟರು.

ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಇವತ್ತಿಗೂ ನಾನು ಮರೆಯಲಾರದ್ದು ಅದು. ಬೈದಿದ್ದರೆ, ಬಡಿದಿದ್ದರೆ, ಅಷ್ಟಕ್ಕೆ ಮುಗಿಯುತ್ತಿತ್ತೇನೋ. ಅವ್ವ ನನಗೆ ತಲೆ ಬಾಚುತ್ತಿದ್ದಳು, ಉಣ್ಣಲು ಹಾಕುತ್ತಿದ್ದಳು. ಎರಡನೇ ಸಲ ಉಣ್ಣಲು ಬಾಗಿಲ ಮೂಲೆಯಲ್ಲಿ ಈಗ ಯಾರೂ ಇರಲಿಲ್ಲ. ಆಯಿ ಬಂಟ್ಯಾನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಅದು ಅಂಗಳದಲ್ಲಿ ಹೊರಸಿನ ಹತ್ತಿರ ಹೋಗಿ ತಾನಾಗಿ ನಿಲ್ಲುತ್ತಿತ್ತು, ರೊಟ್ಟಿಯ ಚೂರಿಗಾಗಿ. ಅದನ್ನು ನೋಡಲು ನನಗೂ ಆಗುತ್ತಿರಲಿಲ್ಲ. ಅದಕ್ಕೆ ನನ್ನ ಮೇಲೆ ಏನೂ ಸಿಟ್ಟಿಲ್ಲವಲ್ಲ ಎಂದು ಸಿಟ್ಟು ಬರುತ್ತಿತ್ತು.

ಜೋಳ ಕಾಳುಗಟ್ಟುವ ಹೊತ್ತಿಗೆ ಒಂದು ಮಧ್ಯಾಹ್ನ ನಾನು ಬಂಟ್ಯಾನನ್ನು ಹೊಳೆದಂಡೆಗೆ ಕರೆದುಕೊಂಡು ಹೋದೆ. ಅದೇ ಕಲ್ಲಿನ ಹತ್ತಿರ ನಿಲ್ಲಿಸಿ "ನಿಂದ್ರ" ಎಂದೆ. ತಿರುಗಿ ನೋಡದೆ ಮನೆಗೆ ಬಂದೆ. ಅದು ಇಲ್ಲದಿದ್ದರೆ ಅತ್ತಿ ಬರುತ್ತಾಳೆ ಎಂದು ಎಲ್ಲೋ ಅನ್ನಿಸಿತ್ತು. ಒಂದು ಇಳೀಬೇಕು ಎಂದು ಹಣಮಂತ ಹೇಳಿದ್ದನಲ್ಲ. ಆಯಿ ಪಡಸಾಲೆಯಲ್ಲಿ ಕೂತಿದ್ದಳು. ಹೊತ್ತು ಇಳಿಯುತ್ತಿದ್ದಾಗ ಕೇಳಿದಳು.

"ನಾಯಿ ಎಲ್ಲದ?"

ನನ್ನ ಕಣ್ಣು ಹೊಳೆಯ ಕಡೆ ಹೋಯಿತು. ಅವಳು ಎದ್ದು ನನ್ನ ಕೈ ಹಿಡಿದಳು. ಹೊಳೆಯ ದಾರಿಗೆ ಅವಳು ಮರಳಿ ಬಂದಾಗಿನಿಂದ ಕಾಲಿಟ್ಟಿರಲಿಲ್ಲ. ದಂಡೆಯಲ್ಲಿ ಬಂಟ್ಯಾ ಬಿಟ್ಟುಬಂದಲ್ಲೇ ನಿಂತಿತ್ತು. ಹಿಂಗಾಲು ನಡುಗುತ್ತಿದ್ದವು. ನಮ್ಮನ್ನು ಕಂಡು ಬಾಲ ಆಡಿಸಿತೇ ಹೊರತು ಪಂಜ ಎತ್ತಲಿಲ್ಲ. ಆಯಿ ಅದನ್ನು ನೋಡಿದಳು. ಅಲ್ಲೇ ಉಸುಕಿನಲ್ಲಿ ಕೂತುಬಿಟ್ಟಳು.

"ಎಷ್ಟು ಛಂದ ಕಲಿಸ್ಯಾಳ ನೋಡಬೇ. ಎಷ್ಟು ಛಂದ ಕಲಿಸ್ಯಾಳ ನನ್ನ ಮಗಳು."

ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ನನಗೂ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ನಾನು ಅತ್ತಿದ್ದರಿಂದಲೇ ಅತ್ತಿ ಇಳಿದಳು, ನಾನೇ ಮಾಡಿದೆ ಎಂದೆ. ಆಯಿ ಸೆರಗಿನಿಂದ ನನ್ನ ಮುಖ ಒರೆಸಿದಳು.

"ನೀ ಸಣ್ಣಾಕಿ, ಅಳಾಕತ್ತಿದ್ದಿ. ನಾ ಯಾಕ ಬಾಯಿ ತೆರೀಲಿಲ್ಲ? ಟ್ರಂಕು ನಾಯಿಗಿಂತ ಭಾರ ಇತ್ತಬೇ. ಅದನ್ನ ಇಳಸು ಅನ್ನಾಕ ನನಗ ಬಾಯಿ ಬರ್ಲಿಲ್ಲ. ಭಾಂಡೆ ಬಂದ್ವು. ಮಗಳು ಬರ್ಲಿಲ್ಲ."

ಬಂಟ್ಯಾನಿಗೆ "ಬಾ" ಎಂದವಳು ಅವಳೇ. ಅದು ಓಡಿ ಬಂದು ಅವಳ ಮಡಿಲಿಗೆ ತಲೆಯಿಟ್ಟಿತು. ಆಯಿ ತಳ್ಳಲಿಲ್ಲ. ಅವಳ ಮಾತಿನಿಂದ ನನ್ನ ಪಾಲು ಕಡಿಮೆಯಾಯಿತು ಎಂದು ಹೇಳಲಾರೆ. ಇಷ್ಟು ವಯಸ್ಸಾದರೂ ಆಗಿಲ್ಲ. ಆದರೆ ಆ ಮನೆಯಲ್ಲಿ ಆ ಭಾರ ಹೊತ್ತವಳು ನಾನೊಬ್ಬಳೇ ಅಲ್ಲ ಎಂಬುದು ಆವತ್ತು ತಿಳಿಯಿತು.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಜೀವ ಇತ್ತು. ಹೊಳೆಯ ಆಚೆ ಆ ಒಂದೇ ಕೋಣೆಯಲ್ಲಿ ಅವ್ವ ಹಡೆದಿದ್ದಳು, ಹೆಣ್ಣುಕೂಸು. ಮೂರು ತಿಂಗಳು ದಾಟಿದರೂ ಅದಕ್ಕೆ ಹೆಸರಿರಲಿಲ್ಲ, ಎಲ್ಲರೂ "ಕೂಸು" ಎನ್ನುತ್ತಿದ್ದೆವು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಅದರ ಸೋದರತ್ತಿ. ಅದು ಅವಳ ಹಕ್ಕು. ನಮಗೆ ಇದ್ದದ್ದು ಒಬ್ಬಳೇ ಅತ್ತಿ. ಬೇರೆ ಯಾರಿಂದಲಾದರೂ ಹೆಸರು ಹೇಳಿಸಿದರೆ ಅವಳಿಲ್ಲ ಎಂದು ಒಪ್ಪಿಕೊಂಡಂತೆ. ಅದಕ್ಕೇ ಅಪ್ಪ ತೊಟ್ಟಿಲ ಮಾತೆತ್ತಿದವರಿಗೆಲ್ಲ "ನೋಡಮು" ಎಂದು ತಳ್ಳುತ್ತಿದ್ದ.

ಹೊಳೆಯಿಂದ ಬಂದ ವಾರಕ್ಕೆ ಆಯಿಯೇ ತೊಟ್ಟಿಲು ಕಟ್ಟಿಸಿದಳು. ಓಣಿಯ ಹೆಂಗಸರು ಬಂದರು, ಹಸೀನಾ ಖಾಲಾ ಬಾಗಿಲ ಹತ್ತಿರ ಬಂದು ಕೂತಳು. ಗುಗ್ಗರಿ ಬೆಂದಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ಯಾರು ಮುಂದೆ ಬರುತ್ತಾರೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆಯಿ ನನ್ನನ್ನು ಎಳೆದು ತೊಟ್ಟಿಲ ಮುಂದೆ ನಿಲ್ಲಿಸಿದಳು.

"ಅಕಿ ಜಾಗದಾಗ ನೀ ಹೇಳು. ಬಗ್ಗು. ಕಾಶವ್ವ ಅನ್ನು."

ನಾನು ಬಗ್ಗಿದೆ. ಕೂಸು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಹೆಂಗಸರು ನನ್ನ ಬೆನ್ನಿಗೆ ಮೆಲ್ಲಗೆ ಗುದ್ದಿ "ಹೇಳಬೇ, ಹೇಳು" ಎಂದರು. ನನ್ನ ಬಾಯಿಗೆ ಹೆಸರು ಬರಲಿಲ್ಲ. ಅಪ್ಪ ಕಂಬದ ಹತ್ತಿರದಿಂದ ಎದ್ದು ಬಂದು, ನನ್ನ ಪಕ್ಕಕ್ಕೆ ಕೂತು, ಮೆತ್ತಗೆ ಕೇಳಿದ.

"ಯಾಕವ್ವಾ? ಅಕಿ ಹೆಸರು ಬ್ಯಾಡೇನು?"

"ಇದಕ್ಕ ಇಟ್ರ," ಎಂದೆ ನಾನು, "ಅತ್ತಿ ಬಂದ್ರ ಅಕಿಗಿ ಏನಂತ ಕರೀಬೇಕು?"

ಅಪ್ಪ ತೊಟ್ಟಿಲ ಹಗ್ಗ ಹಿಡಿದುಕೊಂಡು ತಲೆ ಬಗ್ಗಿಸಿದ. ಆಮೇಲೆ ಅವ್ವನ ಕಡೆ ನೋಡಿ, ಬೇರೆ ಹೆಸರು ಹೇಳು ಎಂಬಂತೆ ಕೈ ಮಾಡಿದ. ನನ್ನ ತಂಗಿಗೆ ಶಾಂತಾ ಎಂದು ಹೆಸರಾಯಿತು. ಆಮೇಲೆ ನಮ್ಮ ಮನೆತನದಲ್ಲಿ ಎಷ್ಟೋ ಹೆಣ್ಣುಮಕ್ಕಳು ಹುಟ್ಟಿದರು, ನನಗೇ ಇಬ್ಬರು. ಕಾಶವ್ವ ಎಂಬ ಹೆಸರನ್ನು ನಾವು ಯಾರಿಗೂ ಇಡಲಿಲ್ಲ.